ಐದನೇ ತಿಂಗಳ ಸ್ಕ್ಯಾನ್‌ಗೂ ಮೊದಲು ಮಗುವಿನ ಮೆದುಳಿನಲ್ಲಿ ಏನೇನು ನಡೆದಿರುತ್ತದೆ?

ಮಂಡ್ಯದ ಯಾವುದಾದರೂ ಸ್ಕ್ಯಾನಿಂಗ್ ಸೆಂಟರ್ ಮುಂದೆ ಬೆಳಿಗ್ಗೆ ಹೋಗಿ ನೋಡಿ. ತಾಯಿ ಕಾರ್ಡ್ ಹಿಡಿದು ಕೂತ ಗರ್ಭಿಣಿಯರು, ಪಕ್ಕದಲ್ಲಿ ಅಮ್ಮನೋ ಅತ್ತೆಯೋ. ಐದನೇ ತಿಂಗಳ ಸ್ಕ್ಯಾನ್ ಅಂದರೆ ಮನೆಯವರಿಗೆಲ್ಲ ಸ್ವಲ್ಪ ಅಳುಕು ಇದ್ದೇ ಇರುತ್ತದೆ. ಡಾಕ್ಟರು ಮಗುವಿನ ತಲೆಯ ಸುತ್ತಳತೆ ತೆಗೆದುಕೊಳ್ಳುತ್ತಾರೆ. ಮೆದುಳಿನೊಳಗೆ ದ್ರವ ತುಂಬಿರುವ ಜಾಗಗಳನ್ನು ನೋಡುತ್ತಾರೆ. ಬೆನ್ನುಹುರಿ ಪೂರ್ತಿ ಮುಚ್ಚಿದೆಯೇ ಎಂದು ಪರೀಕ್ಷಿಸುತ್ತಾರೆ. ಹೊರಗೆ ಕಾಯುತ್ತಿದ್ದ ಅತ್ತೆ ಕೇಳುವುದು ಒಂದೇ ಮಾತು: "ತಲೆ ಸರಿಯಾಗಿ ಬೆಳ್ದೈತಂತಾ?"

ಸುತ್ತಳತೆ ಸರಿ ಇದ್ದರೆ ಸಮಾಧಾನವೇ. ಆದರೆ ಆ ಪರದೆಯ ಮೇಲೆ ಕಾಣದ ದೊಡ್ಡ ಕೆಲಸವೊಂದು ಆ ಹೊತ್ತಿಗೆ ಬಹಳಷ್ಟು ಸಾಗಿರುತ್ತದೆ. ಅದು ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಕಟ್ಟುವ ಕೆಲಸ. ಈ ಪದರದ ದಪ್ಪ 2ರಿಂದ 4 ಮಿಲಿಮೀಟರ್, ಅಷ್ಟೆ. ನೋಡಿದ್ದನ್ನು ಗುರುತು ಹಿಡಿಯುವುದು, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು, ಮಾತಾಡುವುದು, ಲೆಕ್ಕ ಹಾಕುವುದು, ನಾಳೆಯ ಬಗ್ಗೆ ಯೋಚಿಸುವುದು, ಎಲ್ಲಕ್ಕೂ ಇದು ಬೇಕು.

ಒಬ್ಬ ಮನುಷ್ಯನ ಕಾರ್ಟೆಕ್ಸ್‌ನಲ್ಲಿ ಸುಮಾರು 1,600 ಕೋಟಿ ನರಕೋಶಗಳಿವೆ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000 ಮಾತ್ರ. ಇಷ್ಟು ಕಡಿಮೆ ಜೀನ್ ಇಟ್ಟುಕೊಂಡು ಒಂದೊಂದು ಕೋಶಕ್ಕೂ 'ನೀನು ಇಲ್ಲಿ ಕೂರು, ನೀನು ಅಲ್ಲಿ ಕೂರು' ಅಂತ ಹೇಳುವುದಕ್ಕೆ ಆಗಲ್ಲ, ಅಲ್ವಾ? ಹಾಗೆ ಹೇಳುವುದೂ ಇಲ್ಲ. ಬೆಳೆಯುತ್ತಿರುವ ಮೆದುಳಿನಲ್ಲಿ ಪ್ರತಿ ಕೋಶದ ಹಣೆಬರಹವನ್ನು ಮುಖ್ಯವಾಗಿ ಎರಡು ಸಂಗತಿಗಳು ತೀರ್ಮಾನಿಸುತ್ತವೆ. ಒಂದು, ಅದು ಎಲ್ಲಿದೆ. ಇನ್ನೊಂದು, ಅದು ಯಾವಾಗ ಹುಟ್ಟಿತು. ಅದಕ್ಕೆ ತಕ್ಕಂತೆ ಕೋಶದೊಳಗೆ ಕೆಲವು ಜೀನ್‌ಗಳು ಕೆಲಸ ಶುರು ಮಾಡುತ್ತವೆ, ಕೆಲವು ನಿಲ್ಲಿಸುತ್ತವೆ.

ಮಗುವಿನ ಬುದ್ಧಿ ನೋಡಿ "ಅವರ ತಾತನ ತಲೆ ಬಂದಿದೆ" ಅನ್ನುತ್ತೇವೆ. ಆ ತಾತನಿಂದ ಬಂದ ಜೀನ್ ಮಗುವಿನ ಕಾಲ್ಬೆರಳಿನ ಕೋಶದಲ್ಲೂ ಇರುತ್ತದೆ. ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಅವೇ ಜೀನ್‌ಗಳು. ಯಾವುದು ಎಲ್ಲಿ, ಎಷ್ಟು ಹೊತ್ತು ಕೆಲಸ ಮಾಡಿತು ಎನ್ನುವುದರಲ್ಲಿ ವ್ಯತ್ಯಾಸ ಇರುವುದು.

ಮೊದಲ ನಾಲ್ಕು ವಾರ

ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಕಡೆ ಕೋಶಗಳ ಒಂದು ತೆಳು ಹಾಳೆ ಮೂಡುತ್ತದೆ. ಅದರ ಎರಡೂ ಅಂಚು ಮೇಲೆದ್ದು, ಹತ್ತಿರ ಬಂದು, ಕೂಡಿಕೊಂಡು ಕೊಳವೆಯಾಗುತ್ತದೆ. ಸುಮಾರು 28ನೇ ದಿನಕ್ಕೆ ಕೊಳವೆ ಎರಡೂ ತುದಿಯಲ್ಲಿ ಮುಚ್ಚಿರಬೇಕು. ಮುಂದಿನ ತುದಿ ಉಬ್ಬಿ ಮೆದುಳಾಗುತ್ತದೆ, ಉಳಿದದ್ದು ಬೆನ್ನುಹುರಿ.

ಇಲ್ಲೊಂದು ಲೆಕ್ಕದ ಗೊಂದಲ ಇದೆ. ಡಾಕ್ಟರು ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹಾಗಾಗಿ ಕೊಳವೆ ಮುಚ್ಚುವುದು ಡಾಕ್ಟರ ಲೆಕ್ಕದಲ್ಲಿ ಆರನೇ ವಾರ. ಮುಟ್ಟು ನಿಂತು ಎರಡು ವಾರ ಆಗಿರುತ್ತದೆ, ಮನೆಯಲ್ಲಿ ಇನ್ನೂ ಟೆಸ್ಟ್ ಮಾಡಿ ನೋಡುತ್ತಿರುತ್ತಾರೆ. ಆಶಾ ಕಾರ್ಯಕರ್ತೆ ಬಂದು ಹೆಸರು ಬರೆದುಕೊಂಡು ಫೋಲಿಕ್ ಆಸಿಡ್ ಮಾತ್ರೆ ಕೊಡುವಷ್ಟರಲ್ಲಿ ಈ ಹಂತ ದಾಟಿಯೇ ಹೋಗಿರಬಹುದು. ಗರ್ಭಿಣಿಯಾಗಬೇಕು ಅಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ ಎಂದು ಹೇಳುವುದು ಇದೇ ಕಾರಣಕ್ಕೆ. ಜೀನ್‌ಗಳು ಎಷ್ಟೇ ಸರಿ ಇದ್ದರೂ ಕೋಶ ಬೇಗ ಬೇಗ ಒಡೆದು ಎರಡಾಗಲು ಫೋಲೇಟ್ ಬೇಕೇ ಬೇಕು.

ಕೊಳವೆಯ ಕೆಳಭಾಗದಿಂದ ಹೊರಡುವ ಒಂದು ಪ್ರೋಟೀನಿನ ಹೆಸರು ಸಾನಿಕ್ ಹೆಡ್ಜ್‌ಹಾಗ್. ಹೌದು, ವಿಡಿಯೋ ಗೇಮ್‌ನ ಪಾತ್ರದ ಹೆಸರೇ. ಇಟ್ಟವರಿಗೆ ತಮಾಷೆ ಅನ್ನಿಸಿರಬೇಕು. ಆದರೆ ಈ ಜೀನ್ ಕೆಟ್ಟರೆ ಮುಂಮೆದುಳು ಎಡ ಬಲ ಎಂದು ಎರಡು ಹೋಳಾಗದೇ ಉಳಿಯಬಹುದು. ಅಂಥ ಮಗುವಿನ ಅಪ್ಪ ಅಮ್ಮನ ಎದುರು ಕೂತು ಈ ಹೆಸರು ಹೇಳಬೇಕಾದ ಡಾಕ್ಟರ ಪಾಡು ಯಾರಿಗೂ ಬೇಡ.

ಎಲ್ಲಿದ್ದೇನೆ ಎಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ವಿ.ಸಿ. ನಾಲೆಗೆ ನೀರು ಬಿಟ್ಟಾಗ ಏನಾಗುತ್ತದೆ ಅಂತ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಕೆಆರ್‌ಎಸ್‌ಗೆ ಹತ್ತಿರದ ಗದ್ದೆಗಳಿಗೆ ನೀರು ಧಾರಾಳ. ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೆ ಭಾಗ ತಲುಪುವಷ್ಟರಲ್ಲಿ ಸಣ್ಣಗಾಗಿರುತ್ತದೆ. ಎಷ್ಟೋ ಸಲ ತಲುಪುವುದೇ ಇಲ್ಲ. ಭತ್ತ ಹಾಕಬೇಕೋ ರಾಗಿ ಹಾಕಬೇಕೋ ಎಂದು ತೀರ್ಮಾನಿಸಲು ರೈತ ಇಡೀ ನಾಲೆಯ ನಕ್ಷೆ ನೋಡಬೇಕಿಲ್ಲ. ತನ್ನ ಗದ್ದೆಗೆ ಎಷ್ಟು ನೀರು ಬರುತ್ತಿದೆ ಎಂದು ನೋಡಿದರೆ ಸಾಕು.

ಕಾರ್ಟೆಕ್ಸ್ ಆಗಲಿರುವ ಹಾಳೆಯಲ್ಲೂ ಹೀಗೇ. ಹಾಳೆಯ ಮುಂದಿನ ಅಂಚಿನಲ್ಲಿರುವ ಕೆಲವು ಕೋಶಗಳು ಎಫ್‌ಜಿಎಫ್8 ಎಂಬ ಪ್ರೋಟೀನ್ ಬಿಡುತ್ತವೆ. ಹತ್ತಿರದ ಕೋಶಗಳಿಗೆ ಅದು ಜಾಸ್ತಿ ಸಿಗುತ್ತದೆ, ಹಿಂದಿನವಕ್ಕೆ ಕಡಿಮೆ. ಹಿಂದಿನ ಮತ್ತು ಒಳಗಿನ ಅಂಚಿನಿಂದ ಬೇರೆ ಪ್ರೋಟೀನ್‌ಗಳು ಹೊರಡುತ್ತವೆ. ಯಾವುದು ಎಷ್ಟು ಸಿಕ್ಕಿತು ಎನ್ನುವುದರ ಮೇಲೆ ಕೋಶದೊಳಗಿನ ಜೀನ್‌ಗಳ ಕೆಲಸ ಏರುತ್ತದೆ, ಇಳಿಯುತ್ತದೆ. ಪ್ಯಾಕ್ಸ್6 ಎಂಬ ಜೀನ್ ಮುಂದೆ ಜೋರು, ಹಿಂದೆ ಹೋದಂತೆ ಕಡಿಮೆ. ಇಎಂಎಕ್ಸ್2 ಇದಕ್ಕೆ ತದ್ವಿರುದ್ಧ. ಇವೆರಡೂ ಬೇರೆ ಜೀನ್‌ಗಳನ್ನು ಆಳುವ ಜೀನ್‌ಗಳು. ಇಲಿಗಳಲ್ಲಿ ಇಎಂಎಕ್ಸ್2 ತೆಗೆದುಹಾಕಿದರೆ ಮುಂದಿನ ಭಾಗಗಳು ಹಿಗ್ಗಿ ಹಿಂದಕ್ಕೆ ಸರಿಯುತ್ತವೆ, ಹಿಂದಿರುವ ದೃಷ್ಟಿಯ ಭಾಗ ಕುಗ್ಗುತ್ತದೆ. ಪ್ಯಾಕ್ಸ್6 ಕೆಟ್ಟರೆ ಉಲ್ಟಾ. 2000ನೇ ಇಸವಿಯಲ್ಲಿ ಇದು ಹೊರಬಂದಾಗ, ಕಾರ್ಟೆಕ್ಸ್‌ನ ಭಾಗಗಳ ಗಡಿಯನ್ನು ಮೊದಲು ಗುರುತಿಸುವುದು ಜೀನ್‌ಗಳೇ ಎಂದು ಖಚಿತವಾಯಿತು.

ಮರುವರ್ಷ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಇನ್ನೂ ಚೆಂದದ ಪ್ರಯೋಗ ನಡೆಯಿತು. ಇಲಿಯ ಮೂತಿಯ ಮೇಲಿನ ಒಂದೊಂದು ಮೀಸೆಗೂ ಅದರ ಕಾರ್ಟೆಕ್ಸ್‌ನಲ್ಲಿ ಒಂದೊಂದು ಗುಂಪು ಕೋಶಗಳಿರುತ್ತವೆ, ಸಾಲಾಗಿ, ಮೂತಿಯಲ್ಲಿರುವ ಕ್ರಮದಲ್ಲೇ. ವಿಜ್ಞಾನಿಗಳು ಭ್ರೂಣದ ಕಾರ್ಟೆಕ್ಸ್‌ನ ಹಿಂಭಾಗದಲ್ಲೂ ಎಫ್‌ಜಿಎಫ್8 ಹೊರಡುವಂತೆ ಮಾಡಿದರು. ನಾಲೆಯ ಕೊನೆಯಲ್ಲೂ ಒಂದು ಅಣೆಕಟ್ಟು ಎಬ್ಬಿಸಿದ ಹಾಗೆ. ಆಗ ಕೆಲವು ಇಲಿಗಳಲ್ಲಿ ಮೀಸೆಯ ಎರಡನೇ ಪ್ರದೇಶವೇ ಮೂಡಿತು. ಅದೂ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ! ಕೋಶಗಳು ಬದಲಾಗಿರಲಿಲ್ಲ, ಜೀನ್‌ಗಳೂ ಅವೇ. ಸಂದೇಶ ಬಂದ ದಿಕ್ಕು ಬದಲಾಗಿತ್ತು. ಈ ವಿಷಯದಲ್ಲಿ ಒಂದೇ ಒಂದು ಪ್ರಯೋಗ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುವುದು.

ಅದಕ್ಕೂ ಮೊದಲಿನ ಒಂದು ತೀರ್ಮಾನ ಇದೆ. ಹಾಳೆಯ ಈ ಭಾಗ ಕಾರ್ಟೆಕ್ಸ್ ಆಗಬೇಕೋ ಬೇಡವೋ ಅನ್ನುವುದೇ ಅದು. ಅದನ್ನು ಎಲ್‌ಎಚ್‌ಎಕ್ಸ್2 ಎಂಬ ಜೀನ್ ನೋಡಿಕೊಳ್ಳುತ್ತದೆ ಎಂದು 2008ರಲ್ಲಿ ತೋರಿಸಿದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಶುಭಾ ತೊಳೆ ಅವರ ತಂಡ. ಈ ಜೀನ್ ಇಲ್ಲದ ಕೋಶಗಳು ಕಾರ್ಟೆಕ್ಸ್ ಆಗುವುದನ್ನೇ ಬಿಟ್ಟು, ಅದರ ಅಂಚಿನಲ್ಲಿ ಇರಬೇಕಾದ ಕೋಶಗಳಾಗಿ ಬಿಡುತ್ತವೆ. ಅಷ್ಟಕ್ಕೇ ಸುಮ್ಮನಿರುವುದಿಲ್ಲ. ಪಕ್ಕದ ಕೋಶಗಳಿಗೆ ಸಂದೇಶ ಕಳಿಸಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಇರಬಾರದ ಜಾಗದಲ್ಲಿ ಹುಟ್ಟಿಸುತ್ತವೆ.

ಎಷ್ಟು ಸಲ ಎರಡಾಗಬೇಕು?

ಇನ್ನು ಸಂಖ್ಯೆಯ ವಿಷಯ. ಶುರುವಿನಲ್ಲಿ ಹಾಳೆಯ ಒಂದು ಕೋಶ ಒಡೆದರೆ ತನ್ನಂಥವೇ ಎರಡು ಕೋಶ ಆಗುತ್ತವೆ. ಎರಡು ನಾಲ್ಕು, ನಾಲ್ಕು ಎಂಟು. ಸುಮಾರು ಏಳನೇ ವಾರದ ಹೊತ್ತಿಗೆ ರೀತಿ ಬದಲಾಗುತ್ತದೆ. ಒಡೆದ ಎರಡರಲ್ಲಿ ಒಂದು ಮತ್ತೆ ಒಡೆಯುವ ತಾಯಿ ಕೋಶವಾಗಿಯೇ ಉಳಿಯುತ್ತದೆ, ಇನ್ನೊಂದು ನರಕೋಶದ ದಾರಿ ಹಿಡಿಯುತ್ತದೆ. ನರಕೋಶ ಆಯಿತು ಅಂದರೆ ಮುಗಿಯಿತು, ಅದು ಮತ್ತೆ ಒಡೆಯುವುದಿಲ್ಲ.

ಹಾಗಾಗಿ ಯಾವಾಗ ರೀತಿ ಬದಲಿಸಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ಇಲಿಯ ಕಾರ್ಟೆಕ್ಸ್‌ನಲ್ಲಿ ಸುಮಾರು 1.4 ಕೋಟಿ ನರಕೋಶಗಳು, ನಮ್ಮಲ್ಲಿ 1,600 ಕೋಟಿ. ಸಾವಿರ ಪಟ್ಟಿಗಿಂತ ಜಾಸ್ತಿ. ಆದರೆ ಹತ್ತೇ ಹತ್ತು ಸಲ ಹೆಚ್ಚಿಗೆ ದುಪ್ಪಟ್ಟಾದರೆ 1,024 ಪಟ್ಟು ಆಗುತ್ತದೆ, ಲೆಕ್ಕ ಹಾಕಿ ನೋಡಿ. ನಿಜವಾದ ಕಥೆ ಇಷ್ಟು ಸರಳ ಅಲ್ಲ. ಆದರೂ ಸ್ವಲ್ಪ ತಡ ಮಾಡಿದರೆ ಎಷ್ಟು ಲಾಭ ಎನ್ನುವುದು ಇದರಿಂದ ತಿಳಿಯುತ್ತದೆ. ಇಲಿಯಲ್ಲಿ ಕಾರ್ಟೆಕ್ಸ್‌ನ ನರಕೋಶಗಳು ಹುಟ್ಟಿ ಮುಗಿಯುವುದಕ್ಕೆ ಸುಮಾರು ಒಂದು ವಾರ ಸಾಕು. ನಮ್ಮಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ತಾಯಿ ಕೋಶಗಳನ್ನು ಬೇಗ ನರಕೋಶ ಆಗಲು ಬಿಡದೆ ಹಿಡಿದಿಡುವ ಕೆಲಸ ನಾಚ್ ಎಂಬ ಜೀನ್‌ಗಳ ಗುಂಪಿನದು. ಆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡುವ ನಾಚ್2ಎನ್‌ಎಲ್ ಎಂಬ ಜೀನ್‌ಗಳು ಮನುಷ್ಯರಲ್ಲಿ ಇವೆ ಎಂದು 2018ರಲ್ಲಿ ಎರಡು ತಂಡಗಳು ವರದಿ ಮಾಡಿದವು. ಎಆರ್‌ಎಚ್‌ಜಿಎಪಿ11ಬಿ ಎಂಬ ಇನ್ನೊಂದು ಜೀನ್ ನಮಗೆ ಹತ್ತಿರದ ಚಿಂಪಾಂಜಿಗಳಲ್ಲೂ ಇಲ್ಲ. ಅದನ್ನು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಭ್ರೂಣಕ್ಕೆ ಸೇರಿಸಿದಾಗ ಅದರ ಕಾರ್ಟೆಕ್ಸ್ ದೊಡ್ಡದಾಗಿ ಮಡಿಕೆ ಬಿದ್ದದ್ದು 2020ರಲ್ಲಿ ವರದಿಯಾಯಿತು.

ಒಡೆಯುವ ಈ ಕೆಲಸದಲ್ಲೇ ತೊಂದರೆ ಆದರೆ ಏನು? ಹುಟ್ಟುವಾಗಲೇ ತಲೆ ತೀರಾ ಚಿಕ್ಕದಿರುವ ಸ್ಥಿತಿಗೆ ಮೈಕ್ರೋಸೆಫಲಿ ಅನ್ನುತ್ತಾರೆ. ಅದರ ಎಲ್ಲ ಕಾರಣಗಳೂ ಜೀನ್ ಅಲ್ಲ. 2015-16ರಲ್ಲಿ ಬ್ರೆಜಿಲ್‌ನಲ್ಲಿ ಝೀಕಾ ವೈರಸ್ ಗರ್ಭದಲ್ಲಿರುವ ಶಿಶುಗಳ ಇದೇ ತಾಯಿ ಕೋಶಗಳಿಗೆ ತಗುಲಿ ಅವನ್ನು ಕೊಂದಿತ್ತು. ಜೀನ್‌ನಿಂದ ಬರುವ ಬಗೆಯಲ್ಲಿ ತುಂಬಾ ಕಡೆ ಕಾಣುವುದು ಎಎಸ್‌ಪಿಎಂ ಎಂಬ ಜೀನ್‌ನ ದೋಷ. 2002ರಲ್ಲಿ ಅದು ಪತ್ತೆಯಾಯಿತು. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಭಾರತದ ಕುಟುಂಬಗಳನ್ನೇ ಅಧ್ಯಯನ ಮಾಡಿ ಎಸ್‌ಟಿಐಎಲ್ ಎಂಬ ಇನ್ನೊಂದು ಜೀನ್ ಗುರುತಿಸಿದರು. ಇಂಥ ಜೀನ್‌ಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ಒಂದೇ ಜಾಗದಲ್ಲಿ. ಕೋಶ ಒಡೆಯುವಾಗ ಕ್ರೋಮೋಸೋಮ್‌ಗಳನ್ನು, ಅಂದರೆ ಡಿಎನ್‌ಎಯ ಸುರುಳಿಗಳನ್ನು, ಎರಡು ಕಡೆಗೆ ಎಳೆಯುವ ಎಳೆಗಳಿರುತ್ತವಲ್ಲ, ಅವು ಹೊರಡುವ ತುದಿಗಳಲ್ಲಿ. ಅಲ್ಲಿ ಎಡವಟ್ಟಾದರೆ ತಾಯಿ ಕೋಶಗಳು ಬೇಗ ಖರ್ಚಾಗುತ್ತವೆ.

ಇದು ನಮ್ಮ ಕಡೆಗೆ ಯಾಕೆ ಮುಖ್ಯ ಅಂದರೆ, ಮೈಸೂರು ಮಂಡ್ಯ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಹೆಣ್ಣು ಕೊಡುವುದು ಹಿಂದಿನಿಂದ ನಡೆದು ಬಂದದ್ದೇ. ಈ ಬಗೆಯ ಮೈಕ್ರೋಸೆಫಲಿ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್‌ನ ಕೆಟ್ಟ ಪ್ರತಿ ಬರಬೇಕು. ಒಂದೇ ಕೆಟ್ಟಿದ್ದರೆ ಆ ಮನುಷ್ಯನಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ ಜೀನ್‌ಗಳು ಒಂದೇ ಮೂಲದವು. ಅತ್ತೆ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಭಾಗ. ಹಾಗಾಗಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೊರಗಿನ ಸಂಬಂಧಕ್ಕಿಂತ ಜಾಸ್ತಿ. ಇಂಥ ಮದುವೆಗಳಲ್ಲಿ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಹೆದರಿಸುವುದು ನನ್ನ ಉದ್ದೇಶ ಅಲ್ಲ. ಆದರೆ ಇಬ್ಬರಲ್ಲೂ ದೋಷ ಇದೆ ಎಂದು ಗೊತ್ತಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 'ಮೊದಲನೆಯದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಬರಲ್ಲ' ಎಂದು ತಿಳಿದುಕೊಳ್ಳುವವರು ಇದ್ದಾರೆ. ಅದು ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮನೆತನದಲ್ಲಿ ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಬಸಿರಿಗೂ ಮೊದಲು ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗುವುದು ಒಳ್ಳೆಯದು.

ಹುಟ್ಟಿದ ಜಾಗ ಬಿಟ್ಟು

ನರಕೋಶಗಳು ಹುಟ್ಟುವುದು ಒಳಗೆ, ದ್ರವದ ಪಕ್ಕದಲ್ಲಿ. ಇರಬೇಕಾದ್ದು ಹೊರಗೆ. ಆದ್ದರಿಂದ ಹುಟ್ಟಿದ ಮೇಲೆ ಪ್ರಯಾಣ. ತಾಯಿ ಕೋಶಗಳಿಗೆ ರೇಡಿಯಲ್ ಗ್ಲಿಯಾ ಎಂದು ಹೆಸರು. ಅವುಗಳಿಂದ ಒಂದೊಂದು ಉದ್ದನೆಯ ತಂತು ಹೊರಮೈವರೆಗೂ ಚಾಚಿರುತ್ತದೆ. ಅದನ್ನೇ ಹಿಡಿದು ನರಕೋಶಗಳು ಹೊರಗೆ ಸಾಗುತ್ತವೆ ಎಂದು ಮೆದುಳು ವಿಜ್ಞಾನಿ ಪಾಸ್ಕೊ ರಾಕಿಕ್ 1970ರ ದಶಕದಲ್ಲಿ ಕೋತಿಗಳ ಭ್ರೂಣದಲ್ಲಿ ತೋರಿಸಿದರು. ರೇಡಿಯಲ್ ಗ್ಲಿಯಾ ಬರೀ ದಾರಿ ತೋರಿಸುವುದಲ್ಲ, ನರಕೋಶಗಳನ್ನು ಹೆರುವುದೂ ಅವೇ ಎಂದು ಗೊತ್ತಾಗಿದ್ದು 2000ದ ಆಸುಪಾಸಿನಲ್ಲಿ.

ಕಾರ್ಟೆಕ್ಸ್‌ನಲ್ಲಿ ಆರು ಪದರಗಳಿವೆ. ಅವು ಒಳಗಿನಿಂದ ಹೊರಕ್ಕೆ ತುಂಬಿಕೊಳ್ಳುತ್ತವೆ. ಮೊದಲು ಹುಟ್ಟಿದವು ಒಳಪದರದಲ್ಲೇ ನಿಲ್ಲುತ್ತವೆ. ಆಮೇಲೆ ಹುಟ್ಟಿದವು ಅವನ್ನು ದಾಟಿಕೊಂಡು ಇನ್ನೂ ಹೊರಗೆ ಹೋಗಿ ಕೂರುತ್ತವೆ. 'ಯಾವಾಗ ಹುಟ್ಟಿದೆ' ಎನ್ನುವುದಕ್ಕೆ ಬೆಲೆ ಬರುವುದು ಇಲ್ಲೇ. ಈ ದಾಟುವಿಕೆಗೆ ರೀಲಿನ್ ಎಂಬ ಪ್ರೋಟೀನ್ ಬೇಕು. ಅದನ್ನು ಹೊರಮೈಯ ಕೆಲವು ಕೋಶಗಳು ಬಿಡುತ್ತವೆ. 1951ರಲ್ಲಿ ಎಡಿನ್‌ಬರೋದಲ್ಲಿ ತೂರಾಡುತ್ತ ನಡೆಯುವ ಇಲಿಗಳ ವರದಿ ಬಂದಿತ್ತು. ಆ ಇಲಿಗಳಲ್ಲಿ ಪದರಗಳು ತಲೆಕೆಳಗಾಗಿದ್ದವು. ಕಾರಣವಾದ ರೀಲಿನ್ ಜೀನ್ ಸಿಕ್ಕಿದ್ದು 1995ರಲ್ಲಿ. ಎಲ್ಲ ಕೋಶಗಳೂ ಹೀಗೆ ಒಳಗಿನಿಂದಲೇ ಬರುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಬೇರೆ ಕೋಶಗಳ ಅಬ್ಬರ ತಗ್ಗಿಸುವ ನರಕೋಶಗಳು ಮೆದುಳಿನ ಕೆಳಭಾಗದಲ್ಲಿ ಹುಟ್ಟಿ, ಅಡ್ಡಡ್ಡ ಸಾಗಿ ಕಾರ್ಟೆಕ್ಸ್ ಸೇರುತ್ತವೆ.

ಪ್ರಯಾಣದ ಜೀನ್‌ಗಳಲ್ಲಿ ಡಿಸಿಎಕ್ಸ್ ನನಗೆ ವಿಚಿತ್ರ ಅನ್ನಿಸುವುದು. ಅದು ಎಕ್ಸ್ ಕ್ರೋಮೋಸೋಮ್ ಮೇಲಿದೆ. ಗಂಡು ಮಗುವಿಗೆ ಒಂದೇ ಎಕ್ಸ್. ಅದರಲ್ಲಿ ಈ ಜೀನ್ ಕೆಟ್ಟಿದ್ದರೆ ನರಕೋಶಗಳು ಸರಿಯಾಗಿ ಹೊರಗೆ ಬರುವುದಿಲ್ಲ, ಮಡಿಕೆಗಳಿಲ್ಲದ ನುಣ್ಣನೆಯ ಮೆದುಳು ಉಳಿಯುತ್ತದೆ. ಹೆಣ್ಣು ಮಗುವಿಗೆ ಎರಡು ಎಕ್ಸ್. ಪ್ರತಿ ಕೋಶದಲ್ಲೂ ಒಂದು ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಮಲಗಿರುತ್ತದೆ. ಹಾಗಾಗಿ ಒಳ್ಳೆಯ ಎಕ್ಸ್ ಎಚ್ಚರವಿರುವ ನರಕೋಶಗಳು ಗುರಿ ಮುಟ್ಟುತ್ತವೆ. ಉಳಿದವು ಅರ್ಧ ದಾರಿಯಲ್ಲೇ ನಿಂತು ಕಾರ್ಟೆಕ್ಸ್ ಕೆಳಗೆ ಇನ್ನೊಂದು ಪಟ್ಟಿಯಾಗುತ್ತವೆ. ಎಂಆರ್‌ಐನಲ್ಲಿ ಎರಡು ಕಾರ್ಟೆಕ್ಸ್ ಇರುವಂತೆ ಕಾಣುತ್ತದೆ. ಇಂಥವರಲ್ಲಿ ಮೂರ್ಛೆ ರೋಗ ಸಾಮಾನ್ಯ. ಈ ದೋಷ ಅಮ್ಮನಿಂದ ಬಂದಿರಬಹುದು, ಮಗುವಿನಲ್ಲೇ ಹೊಸದಾಗಿ ಆಗಿರಲೂಬಹುದು. ಗ್ರಹಣದ ದಿನ ಹೊರಗೆ ಬಂದಳು ಅಂತ ಸೊಸೆಯನ್ನು ಬೈಯುವವರಿಗೆ ಇಷ್ಟನ್ನು ಹೇಳಬೇಕು: ಯಾರೂ ಏನೂ ಮಾಡಿದ್ದರಿಂದ ಇದು ಬರುವುದಲ್ಲ.

ನುಣ್ಣನೆಯ ಮೆದುಳನ್ನು ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಹಿಡಿಯುವುದು ಕಷ್ಟ. ಯಾಕೆಂದರೆ ಆಗ ಆರೋಗ್ಯವಂತ ಮಗುವಿನ ಮೆದುಳೂ ಹೆಚ್ಚುಕಡಿಮೆ ನುಣ್ಣಗೇ ಇರುತ್ತದೆ. ಹೆಚ್ಚಿನ ಮಡಿಕೆಗಳು ಮೂಡುವುದು ಆಮೇಲೆ. ಈ ಹಂತದ ಮೆದುಳು ಒಳಗೆ ಹೇಗಿರುತ್ತದೆ ಎಂದು ಕೋಶ ಕೋಶವಾಗಿ ನೋಡಬೇಕು ಅನ್ನಿಸಿದರೆ ಒಂದು ದಾರಿ ಇದೆ. ಐಐಟಿ ಮದ್ರಾಸ್‌ನವರು 2024ರಲ್ಲಿ 'ಧರಣಿ' ಎಂಬ ಭ್ರೂಣ ಮೆದುಳಿನ ಚಿತ್ರಸಂಗ್ರಹ ಹೊರತಂದರು. ನಾಲ್ಕರಿಂದ ಆರನೇ ತಿಂಗಳ ನಡುವಿನ ಮೆದುಳುಗಳನ್ನು ಸೀಳಿ ತೆಗೆದ 5,132 ತೆಳುಪದರಗಳ ಚಿತ್ರಗಳು ಅದರಲ್ಲಿವೆ. ಯಾರು ಬೇಕಾದರೂ ನೋಡಬಹುದು.

ಜೀನ್‌ಗಳು ಗೆರೆ ಎಳೆದ ಮೇಲೆ

ಜೀನ್‌ಗಳು ಹಾಕುವ ಗಡಿ ಕಚ್ಚಾ ಗಡಿ. ಅದನ್ನು ಗಟ್ಟಿ ಮಾಡುವುದು ಕಣ್ಣು, ಕಿವಿ, ಚರ್ಮದಿಂದ ಥಲಾಮಸ್ ಎಂಬ ಭಾಗದ ಮೂಲಕ ಬರುವ ನರತಂತುಗಳು. 2000ದಲ್ಲಿ ಅಮೆರಿಕದ ಎಂಐಟಿಯಲ್ಲಿ ಭಾರತ ಮೂಲದ ಮೃಗಾಂಕ ಸೂರ್ ಅವರ ತಂಡ ಫೆರೆಟ್ ಎಂಬ ಪ್ರಾಣಿಯ ಮರಿಗಳಲ್ಲಿ ಕಣ್ಣಿನ ತಂತುಗಳು ಕಿವಿಯ ದಾರಿಗೆ ಸೇರುವಂತೆ ಮಾಡಿತು. ಕೇಳಲು ಇದ್ದ ಕಾರ್ಟೆಕ್ಸ್ ದೃಷ್ಟಿಯ ಕಾರ್ಟೆಕ್ಸ್ ಹಾಗೆ ವ್ಯವಸ್ಥೆ ಆಗತೊಡಗಿತು. ಆ ಪ್ರಾಣಿಗಳು ಅದರಿಂದಲೇ ಬೆಳಕಿಗೆ ಪ್ರತಿಕ್ರಿಯೆಯನ್ನೂ ತೋರಿದವು.

ಮನುಷ್ಯರಲ್ಲಿ ಇಂಥ ಪ್ರಯೋಗ ಯಾರೂ ಮಾಡುವುದಿಲ್ಲ. ಆದರೆ ಹುಟ್ಟು ಕಿವುಡುತನ ಇದೇ ಸ್ಥಿತಿ ತರುತ್ತದೆ. ಅದಕ್ಕೆ ಸಾಮಾನ್ಯ ಕಾರಣಗಳಲ್ಲಿ ಒಂದು ಜಿಜೆಬಿ2 ಎಂಬ ಜೀನ್‌ನ ದೋಷ. ಇದಕ್ಕೂ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬರಬೇಕು. ದೋಷ ಇರುವುದು ಒಳಕಿವಿಯಲ್ಲಿ, ಕಾರ್ಟೆಕ್ಸ್‌ನಲ್ಲಲ್ಲ. ಕಾರ್ಟೆಕ್ಸ್‌ನ ಕೇಳುವ ಭಾಗ ಸರಿಯಾದ ಜಾಗದಲ್ಲಿ, ಆರೂ ಪದರಗಳೊಂದಿಗೆ ತಯಾರಿರುತ್ತದೆ. ಶಬ್ದ ಬರುವುದಿಲ್ಲ, ಅಷ್ಟೆ. ಬಹಳ ಕಾಲ ಬರದಿದ್ದರೆ ಅದು ನೋಡುವ ಕೆಲಸಕ್ಕೆ, ಮುಟ್ಟುವ ಕೆಲಸಕ್ಕೆ ಬಳಕೆಯಾಗತೊಡಗುತ್ತದೆ. ಸುಮಾರು ಮೂರೂವರೆ ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯ ನರಕ್ಕೆ ನೇರವಾಗಿ ಶಬ್ದದ ಸಂಕೇತ ತಲುಪಿಸುವ ಸಾಧನ) ಹಾಕಿಸಿಕೊಂಡ ಮಕ್ಕಳಲ್ಲಿ ಶಬ್ದಕ್ಕೆ ಮೆದುಳು ಓಗೊಡುವ ರೀತಿ ಬೇಗ ಸಹಜ ಸ್ಥಿತಿಗೆ ಬರುತ್ತದೆ. ತುಂಬಾ ತಡವಾದರೆ ಇಂಪ್ಲಾಂಟ್ ಸರಿಯಾಗಿ ಕೆಲಸ ಮಾಡಿದರೂ ಅಷ್ಟು ಫಲ ಸಿಗುವುದಿಲ್ಲ.

ಹಾಗಾಗಿ ಹೆರಿಗೆ ಆದ ಮೇಲೆ ಮಗುವಿನ ಕಿವಿ ಪರೀಕ್ಷೆ ಆಯಿತೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಕಿವಿಯಲ್ಲಿ ಪುಟ್ಟ ಪ್ರೋಬ್ ಇಟ್ಟು ಮಾಡುವ ಪರೀಕ್ಷೆ ಅದು. ಮಗು ಮಲಗಿದ್ದಾಗ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ನೋವಿಲ್ಲ. ಒಂದು ತಿಂಗಳೊಳಗೆ ಈ ಪರೀಕ್ಷೆ, ಅನುಮಾನ ಇದ್ದರೆ ಮೂರು ತಿಂಗಳೊಳಗೆ ಖಚಿತ ತಪಾಸಣೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ಎಲ್ಲ ಕಡೆ ಒಪ್ಪಿದ ಲೆಕ್ಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನವಜಾತ ಶಿಶುಗಳ ಕಿವಿ ಪರೀಕ್ಷೆಯಿಂದ ಹಿಡಿದು ಮಾತಿನ ತರಬೇತಿವರೆಗೆ ಎಲ್ಲವೂ ಒಂದೇ ಕಡೆ ಇದೆ. ಮಂಡ್ಯದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು.